ಮೂರನೇ ಕೋಣೆಯ ಸಾಕ್ಷಿ

ಪ್ರಯೋಗದ ಇಲಿಗಳ ನೋವನ್ನು ಒಬ್ಬ ಮನುಷ್ಯ ತನ್ನ ಮೈಯಲ್ಲಿ ಅನುಭವಿಸಿ, ತಡೆದುಕೊಳ್ಳಬಹುದೆಂದು ಸಹಿ ಹಾಕಿದರೆ ಮಾತ್ರ ಪ್ರಯೋಗ ಮುಂದುವರಿಯಬೇಕೆಂಬ ಕಾನೂನು ಬಂದು ಹನ್ನೆರಡು ವರ್ಷಗಳಾಗಿದ್ದವು. ಧಾರವಾಡದ, ಆರು ಪ್ರಯೋಗ ಕೋಣೆಗಳ ಒಂದು ಔಷಧ ಸಂಶೋಧನಾಲಯದ ಮೂರನೇ ಕೋಣೆಯಲ್ಲಿ ಅಂದಿನಿಂದಲೂ ಆ ಕೆಲಸ ದ್ಯಾಮವ್ವನದು. ದಿನಾ ಬೆಳಿಗ್ಗೆ ಇಲಿಗಳ ನೋವನ್ನು ಮೈಗೆ ದಾಟಿಸುವ ಸರ್ಕಾರದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಪಂಜರಗಳ ಹೊಟ್ಟು ಬದಲಿಸಿ, ನೀರು ತುಂಬುವಳು. ಇಲಿಗಳ ಹೊಟ್ಟೆನೋವು ಅವಳ ಹೊಟ್ಟೆಯಲ್ಲೂ ಹಿಂಡುತ್ತಿತ್ತು. ತಡೆಯಲಾಗದಿದ್ದರೆ "ನಿಲ್ಲಸ್ರಿ" ಎನ್ನುವಳು. ಪ್ರಯೋಗ ನಡೆಸುವ ಡಾಕ್ಟರ್ ಮಂದಾಕಿನಿ ನಿಲ್ಲಿಸಲೇಬೇಕಾಗಿತ್ತು.

ಆ ಸೋಮವಾರ ಅವಳ ಮೈಗೆ ಏನೂ ಅನ್ನಿಸಲಿಲ್ಲ.

ಹೊಸ ಔಷಧ ಚುಚ್ಚಿಸಿಕೊಂಡ ನಲವತ್ತು ಇಲಿಗಳು ಬೆನ್ನು ಗೂನು ಮಾಡಿ, ರೋಮ ನಿಮಿರಿಸಿ, ಕಣ್ಣು ಅರೆಮುಚ್ಚಿ ಮೂಲೆಗಳಲ್ಲಿ ಮುದುಡಿಕೊಂಡಿದ್ದವು. ಒಂದೂ ಆಹಾರ ಮುಟ್ಟಿರಲಿಲ್ಲ.

"ಇವಕ್ಕ ಭಾಳ ತ್ರಾಸ ಆಗೇತ್ರಿ, ಮೇಡಮ್ಮಾರ."

"ನಿನಗೇನರ ಆಗ್ಲಿಕತ್ತದೇನು?" ಎಂದರು ಡಾಕ್ಟರ್.

"ಇಲ್ರಿ."

"ಹಂಗಾದ್ರ ಸಹಿ ಮಾಡು."

ದ್ಯಾಮವ್ವ ಸಹಿ ಮಾಡಲಿಲ್ಲ. ಟ್ರೇಯಿಂದ ಹೊಸ ಸೂಜಿಯೊಂದನ್ನು ತೆಗೆದು ತನ್ನ ಹೆಬ್ಬೆರಳಿಗೆ ಚುಚ್ಚಿಕೊಂಡಳು. ರಕ್ತ ಬಂತು, ನೋವಾಗಲಿಲ್ಲ. ಇನ್ನೊಂದು ಬೆರಳಿಗೆ ಇನ್ನಷ್ಟು ಆಳವಾಗಿ ಚುಚ್ಚಿದಳು. ಅಲ್ಲೂ ಏನೂ ಗೊತ್ತಾಗಲಿಲ್ಲ.

"ಇಷ್ಟು ವರ್ಷ ಇವುಗಳ ನೋವು ಉಂಡು ನನ್ನ ಮೈಗೇ ಜೋಮು ಹಿಡದೈತ್ರಿ. ಪಟ್ಟಿ ಬ್ಯಾರೇದವರಿಗೆ ಕೊಡ್ರಿ, ಇವು ಸಾಯಾಕತ್ತಾವು."

ಡಾಕ್ಟರ್ ಎದ್ದು ಬಾಗಿಲು ಹಾಕಿದರು. ಅವಳ ಬೆರಳಿಗೆ ತಾವೇ ಹತ್ತಿ ಒತ್ತಿ ಹಿಡಿದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ, ದ್ಯಾಮವ್ವ," ಎಂದರು ಮೆಲ್ಲಗೆ. "ನಿನ್ನಂಥವರು ಸಿಗೂದು ಕಷ್ಟ. ನಾಳಿಂದ ಆರೂ ಕೋಣಿ ಸಹಿ ನೀನ ಮಾಡು."