ಕೂರುವ ಪೊರಕೆ

"ಲಕ್ಷ್ಮಿ ಮೇಲೆ ಯಾರಾದ್ರೂ ಕೂತ್ಕೊಳ್ತಾರಾ?"

ಭಾರತಮ್ಮ ಕೇಳಿದ್ದು ಮಂಡಿ ಯಜಮಾನ ವೆಂಕಟರಾಯಪ್ಪನನ್ನಲ್ಲ, ಎದುರಿಗೆ ನಿಂತಿದ್ದ ಮೆಕ್ಯಾನಿಕ್ ಲತೀಫನನ್ನೂ ಅಲ್ಲ. ತಗಡಿನ ಸೂರನ್ನು ನೋಡುತ್ತ ಕೇಳಿದಳು. ಕೇಳಿ, ನೆಲ ಗುಡಿಸುವ ಹೊಸ ಮಿಷನ್ನಿನ ಸೀಟಿನಿಂದ ಮೆಲ್ಲಗೆ ಕೆಳಗಿಳಿದಳು.

ಗಳಿಗೆಯ ಹಿಂದೆ ಅದೇ ಸೀಟಿನ ಮೇಲೆ ಹಸೆಮಣೆ ಏರಿದವಳ ಹಾಗೆ ಬೀಗಿ ಕೂತಿದ್ದಳು. ಶ್ರೀನಿವಾಸಪುರದ ಈ ಮಾವಿನ ಮಂಡಿಯನ್ನು ಬಗ್ಗಿ ಬಗ್ಗಿ ಗುಡಿಸಿ ಅವಳ ಸೊಂಟ ಹಿಡಿದುಕೊಂಡಿತ್ತು. ಇನ್ನು ನೆಟ್ಟಗೆ ಕೂತು ಸ್ಟೇರಿಂಗ್ ತಿರುಗಿಸಿದರೆ ಸಾಕು, ಎಲೆ, ತೊಟ್ಟು, ಧೂಳು ಎಲ್ಲ ತಾನಾಗಿ ಒಳಗೆ ಹೋಗುತ್ತದೆ ಎಂದು ಯಜಮಾನ ಹೇಳಿದ್ದ. ಕೆಡಿಸಿದ್ದು ಲತೀಫ. ತಂದ ಸರಕನ್ನು ಒಳಗೂ ಹೊರಗೂ ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಮಾಲೂರಿನಿಂದ ಟೆಂಪೋದಲ್ಲಿ ತಂದಿಳಿಸಿದ ಮಿಷನ್ನಿನ ಪಕ್ಕದ ಬಾಗಿಲು ತೆಗೆದು, ಒಳಗಿನ ದುಂಡು ಬ್ರಷ್ಷನ್ನು ತಟ್ಟಿ, "ನೋಡಮ್ಮಾ, ಇದು ನಿಮ್ಮ ಪರಕೇನೇ. ನೀವು ಮೇಲೆ, ಪರಕೆ ಕೆಳಗೆ, ಅಷ್ಟೇ" ಎಂದುಬಿಟ್ಟ.

ಪೊರಕೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಅವಳು. ಗೌನಿಪಲ್ಲಿಯ ಭಜನೆಮನೆಯಲ್ಲಿ ಅಪ್ಪ ಪದ್ಯ ಓದುವಾಗ ದೀಪಕ್ಕೆ ಎಣ್ಣೆ ಹಾಕುತ್ತ ಬೆಳೆದವಳು. ಇಲಿಯ ಮೇಲೆ, ನವಿಲಿನ ಮೇಲೆ, ಗೂಳಿಯ ಮೇಲೆ ದೇವರು ಕೂತದ್ದನ್ನು ರಾಗವಾಗಿ ಕೇಳಿದ್ದಳು. ದೇವರ ಮೇಲೆ ಕಸ ಗುಡಿಸುವವಳು ಕೂತದ್ದನ್ನು ಯಾವ ಪದ್ಯದಲ್ಲೂ ಕೇಳಿರಲಿಲ್ಲ.

ವೆಂಕಟರಾಯಪ್ಪನಿಗೆ ಅವಸರ. ಮಧ್ಯಾಹ್ನ ಆಂಧ್ರದ ಕಡೆಯಿಂದ ಜ್ಯೂಸ್ ಫ್ಯಾಕ್ಟರಿಯವರು ಬರುವವರಿದ್ದರು. ನೆಲ ಚೊಕ್ಕಟವಾಗಿದ್ದರೆ ಮಾತ್ರ ಅವರು ತೋತಾಪುರಿ ಮುಟ್ಟುವುದು. ಇದೆಲ್ಲ ಬರೀ ಕಬ್ಬಿಣ, ಬ್ಯಾಟರಿ, ಇದರಲ್ಲಿ ಲಕ್ಷ್ಮಿ ಎಲ್ಲಿಂದ ಬಂದಳು ಎಂದು ಅವನು ಸಮಾಧಾನ ಹೇಳಿದ. ಭಾರತಮ್ಮ ಮಿಷನ್ನಿನ ಮುಂಭಾಗಕ್ಕೆ ಬೆರಳು ತೋರಿಸಿದಳು. ಬೆಳಗ್ಗೆ ಅವನೇ ಹಚ್ಚಿದ ಅರಿಶಿನ ಕುಂಕುಮ ಅಲ್ಲಿತ್ತು. ಚಕ್ರದಡಿ ಅವನೇ ಇಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು.

"ಕಬ್ಬಿಣಕ್ಕಾ ಸಾಮಿ ನೀವು ಅಡ್ಡ ಬಿದ್ದಿದ್ದು?"

ಲತೀಫ ನಗು ಬಂದದ್ದು ಕಾಣದಿರಲೆಂದು ಬ್ರಷ್ಷು ಒರೆಸತೊಡಗಿದ. ಓಡಿಸುವವರು ಇಲ್ಲವೆಂದರೆ ಸಾಯಂಕಾಲ ಅದೇ ಟೆಂಪೋದಲ್ಲಿ ವಾಪಸ್ ಒಯ್ಯುತ್ತೇನೆ ಎಂದ. ಆ ಮಾತು ಕೇಳಿ ಭಾರತಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಯಜಮಾನ ಅದನ್ನು ನೋಡಿದ. ನಾನೇ ಕೂತು ತೋರಿಸುತ್ತೇನೆ, ಏನಾಗುತ್ತದೋ ನೋಡೇಬಿಡೋಣ ಎಂದು ಪಂಚೆ ಎತ್ತಿಕಟ್ಟಿ ಸೀಟಿನ ಮೇಲೆ ಕೂತ. ಕೂತದ್ದೇ ತಡ, ಜೇಬಿನ ಫೋನು ಬಡಿದುಕೊಂಡಿತು. ಫ್ಯಾಕ್ಟರಿಯವರು. ಮುಳಬಾಗಿಲಿನಲ್ಲೇ ಮಾವಿನಕಾಯಿ ಸಿಗುವಂತಿದೆ, ನಿಮ್ಮ ಕಡೆ ಬರುವುದಿಲ್ಲ ಎಂದು ಇಟ್ಟುಬಿಟ್ಟರು.

ವೆಂಕಟರಾಯಪ್ಪ ಕಾದ ಹೆಂಚಿನ ಮೇಲೆ ಕೂತವನ ಹಾಗೆ ಎದ್ದ. ಚಕ್ರದ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಲತೀಫನೂ ಕಾಲನ್ನು ಸದ್ದಿಲ್ಲದೆ ಕೆಳಗಿಟ್ಟ.

ಭಾರತಮ್ಮ ಮೂಲೆಯಲ್ಲಿದ್ದ ತನ್ನ ಹಳೆಯ ಪೊರಕೆ ತೆಗೆದುಕೊಂಡು, ಬಾಯಲ್ಲೇ ಏನೋ ಗುನುಗುತ್ತ ಗುಡಿಸತೊಡಗಿದಳು. ಅರ್ಧ ನೆಲ ಮುಗಿಯುವಾಗ ಗುನುಗು ನಿಂತಿತು. ಗುನುಗುತ್ತಿದ್ದದ್ದು, ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುಂಚೆ ಭೂತಾಯಿಗೆ ತಪ್ಪಾಯಿತು ಎನ್ನುವ ಶ್ಲೋಕ, ಅಪ್ಪ ಕಲಿಸಿದ್ದು, ಒಂದು ದಿನವೂ ತಪ್ಪಿಸಿರಲಿಲ್ಲ. ಒಂದು ಸಲ ತಪ್ಪಾಯಿತು ಎಂದರೆ ಇಡೀ ದಿನ ತುಳಿಸಿಕೊಳ್ಳುವ ತಾಯಿ, ಸೊಂಟ ನೋಯುವವಳು ಕೇಳಿಕೊಂಡು ಸ್ವಲ್ಪ ಹೊತ್ತು ಕೂತರೆ ಬೇಡ ಅನ್ನುತ್ತಾಳೆಯೇ? ಅವಳು ಪೊರಕೆಯನ್ನು ಗೋಡೆಗೊರಗಿಸಿ ಕೈ ತೊಳೆಯಲು ನಲ್ಲಿಯ ಕಡೆ ಹೋದಳು.

ಆಗಲೇ ಫೋನು ಇನ್ನೊಮ್ಮೆ ಬಂತು. ಮುಳಬಾಗಿಲಿನ ಕಾಯಿ ಒಳಗೆ ಕಪ್ಪಾಗಿದೆಯಂತೆ, ಹೊರಟಿದ್ದಾರಂತೆ, ಊಟದ ಹೊತ್ತಿಗೆ ಇಲ್ಲಿರುತ್ತಾರಂತೆ. ವೆಂಕಟರಾಯಪ್ಪ ಗುಡಿಸಿದ ಅರ್ಧ ನೆಲವನ್ನು ನೋಡಿದ. ತಾನು ಎದ್ದುಬಂದ ಸೀಟನ್ನು ನೋಡಿದ. ಆಮೇಲೆ ಮಿಷನ್ನಿಗೆ ಎರಡೂ ಕೈ ಜೋಡಿಸಿದ.

ಭಾರತಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಮಿಷನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಶ್ಲೋಕವನ್ನು ಪೂರ್ತಿ ಹೇಳಿಕೊಂಡು, ಯಜಮಾನನ ಮುಂದೆ ಕೈ ಚಾಚಿದಳು.

"ತಾಯಿ ಒಪ್ಪಿದ್ಳು ಸಾಮಿ. ಉಳಿದರ್ಧ ನಾನು ಕೂತೇ ಗುಡಿಸ್ತೀನಿ. ಬೀಗದ ಕೈ ಕೊಡಿ."

ಬೀಗದ ಕೈ ಅವನಲ್ಲಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿ ಪಟದ ಮೊಳೆಗೆ ಅವನು ಆಗಲೇ ತೂಗುಹಾಕಿದ್ದ, ಜೊತೆಗೊಂದು ಚೆಂಡು ಹೂವು. ಹಾಗಾದರೆ ವಾಪಸ್ ಒಯ್ಯಲೇ ಎಂದು ಲತೀಫ ಕೇಳಿದ್ದಕ್ಕೆ, ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಕಳಿಸುತ್ತಾರೇನಯ್ಯಾ ಎಂದು ಯಜಮಾನ ಅವನನ್ನೇ ಗದರಿದ.

ಭಾರತಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಿರಲಿಲ್ಲ. ವೆಂಕಟರಾಯಪ್ಪ ಗೋಡೆಗೊರಗಿದ್ದ ಪೊರಕೆಯನ್ನು ತಂದು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಆ ಕೈಗೆ ಕೊಟ್ಟ.

"ಆಗಲ್ಲ ಭಾರತಮ್ಮ. ಇದರ ಸುತ್ತ ಮಾತ್ರ ನಿಧಾನಕ್ಕೆ ಗುಡಿಸು. ಅವಳ ಮೇಲೆ ಧೂಳು ಕೂಡ ಕೂರಬಾರದು."