ತಣ್ಣೀರು ಬಿದ್ದ ಜಾಗ

ಬಾಲ್ಕನ್ ಬೆಟ್ಟದ ಘಟ್ಟವನ್ನು ಅರ್ಧ ಹತ್ತಿ, ನಿಂತು, ಸುಧಾರಿಸಿಕೊಂಡು ವಾಪಸು ಬಂದ ಕಾರು ಮನೆಯ ಗೇಟಿನ ಮುಂದೆ ಮತ್ತೊಮ್ಮೆ ಕೆಮ್ಮಿ ಆರಿಹೋಯಿತು. ಗ್ರೋಜ್ದಾನ್ ಕೀಲಿ ತಿರುಗಿಸಿದ. ಎಂಜಿನ್ ಗರಗರ ಸುತ್ತಿತೇ ಹೊರತು ಹತ್ತಿಕೊಳ್ಳಲಿಲ್ಲ. ಪಕ್ಕದಲ್ಲಿ ಹೆಂಡತಿ ನೆವೆನಾ ಕೂತಿದ್ದಳು. ಘಟ್ಟದಾಚೆಯ ಶಾಲೆಯಲ್ಲಿ ಅವಳಿಗೆ ಅಡುಗೆ ಕೆಲಸ ಸಿಕ್ಕಿತ್ತು. ನಾಳೆ ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಅತ್ತ ಹೋಗುತ್ತಿದ್ದ ಬಸ್ಸು ನಿಂತು ಯಾವ ಕಾಲವಾಯಿತೋ. ಉಳಿದದ್ದು ಈ ಮುದಿ ಕಾರು, ಮತ್ತು ಅದನ್ನು ಓಡಿಸಿಯೇ ತೀರುತ್ತೇನೆಂದು ಊರಿಗೆಲ್ಲ ಸಾರಿದ್ದ ಗಂಡ.

ಪಾಪ, ಅವನೇನೂ ಕೈಕಟ್ಟಿ ಕೂತಿರಲಿಲ್ಲ. ಬ್ಯಾಟರಿ ಬದಲಿಸಿದ್ದ, ಪ್ಲಗ್ಗು ಬದಲಿಸಿದ್ದ, ಪೆಟ್ರೋಲ್ ಎಳೆಯುವ ಪಂಪನ್ನೂ ಬಿಟ್ಟಿರಲಿಲ್ಲ. ಕಾರು ಮಾತ್ರ ತಣ್ಣಗಿದ್ದಾಗ ಹಸುವಿನಂತೆ ಸಾಧು, ಬಿಸಿಯಾದರೆ ಮೊಂಡು. ಅವನು ಬಾನೆಟ್ ಎತ್ತಿ ಬೈಯುತ್ತಿದ್ದಾಗ ಪಕ್ಕದ ಮನೆಯ ಮೆತೋದಿ ಬೇಲಿಗೆ ಒರಗಿ ನಿಂತ.

"ಏನ್ ಮೇಸ್ತ್ರಿ, ನಿನ್ ಕಾರಿಗೂ ಮಧ್ಯಾಹ್ನ ನಿದ್ದೆ ಮಾಡೋ ಚಟ ಹತ್ಕೊಂಡಿದ್ಯಾ?"

"ನಿನ್ ಕಾರಲ್ಲಿ ಕೋಳಿ ಮೊಟ್ಟೆ ಇಡ್ತಾವೆ. ನೀನ್ ಮಾತಾಡ್ಬೇಡ."

ಸುಳ್ಳಲ್ಲ. ಅದೇ ಮಾದರಿಯ ಮೆತೋದಿಯ ಕಾರು ಕೆಟ್ಟು ನಿಂತು, ಹಿತ್ತಲಲ್ಲಿ ಕೋಳಿಗೂಡಾಗಿತ್ತು.

ಅಷ್ಟರಲ್ಲಿ ಗ್ರೋಜ್ದಾನನ ತಾಯಿ ಸ್ಟೋಯ್ನಾ ತಾಮ್ರದ ಚೆಂಬಿನಲ್ಲಿ ನೀರು ತುಂಬಿ, ಮೇಲೊಂದು ಜಿರೇನಿಯಂ ಹೂ ತೇಲಿಬಿಟ್ಟು ಬಂದಳು. ಶುಭಕಾರ್ಯಕ್ಕೆ ಹೊರಟವರ ಮುಂದೆ ನೀರು ಚೆಲ್ಲಬೇಕು, ಕೆಲಸ ನೀರಿನಂತೆ ಸರಾಗ ಹರಿಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ನಾಳೆ ಹೊರಡುವ ಸೊಸೆಗಾಗಿ ಇಂದೇ ತಂದವಳು ನಿಂತ ಕಾರನ್ನು ನೋಡಿ ಮನಸ್ಸು ಬದಲಿಸಿದಳು.

"ಸೊಸೆ ಕಾಲು ನೆಟ್ಟಗಿದೆ. ನಡೀಬೇಕಾಗಿರೋದು ಇದು," ಎಂದವಳೇ ಚೆಂಬನ್ನು ಎಂಜಿನ್ ಮೇಲೆ ಬೋರಲು ಹಾಕಿದಳು.

"ಅಯ್ಯೋ ಅಮ್ಮಾ! ಇದ್ದಿದ್ದೂ ಹಾಳ್ ಮಾಡ್ಬಿಟ್ಯಲ್ಲ!"

ಭುಸ್ಸೆಂದು ಆವಿ ಎದ್ದಿತು. ಎಂಥ ಅನಾಹುತವಾಯಿತೆಂದು ತಾಯಿಗೆ ತೋರಿಸಲೆಂದೇ ಗ್ರೋಜ್ದಾನ್ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ದೇವರನ್ನು ನಂಬದ ಮೆತೋದಿ ಕೂಡ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮುದುಕಿ ಎಂಜಿನ್ ಮೇಲಿಂದ ಹೂವನ್ನು ಎತ್ತಿಕೊಂಡು, "ನನ್ ಮಾತು ಯಾರು ಕೇಳ್ತಾರೆ," ಎನ್ನುತ್ತ ಒಳಗೆ ಹೋದಳು.

ನೆವೆನಾ ಕೆಳಗಿಳಿದು ಬಂದು ಬಗ್ಗಿ ನೋಡಿದಳು. "ನೀರು ಎಲ್ಲಿ ಬಿತ್ತು?"

"ಎಲ್ಲಾ ಕಡೆ ಬಿತ್ತು. ಹತ್ಕೊಂಡಿತಲ್ಲ, ಬಿಡು."

"ನಾಳೆ ಘಟ್ಟದ ಮಧ್ಯ ನಿಂತ್ರೆ? ಅತ್ತೇನ ಡಿಕ್ಕಿಲಿ ಕೂರಿಸ್ಕೊಂಡ್ ಹೋಗ್ಲಾ ಮಾರಾಯ?"

ಅವಳು ಎಂಜಿನ್ನನ್ನು ಆರಿಸಗೊಡಲಿಲ್ಲ. ಅದು ಬಿಸಿಯೇರಿ ತಾನಾಗಿಯೇ ಸಾಯುವವರೆಗೆ ಕಾದು, ಕಾಫಿ ಕಾಸುವ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ತಣ್ಣೀರು ತಂದಳು. ಒಂದು ಕಡೆ ನೂಲಿನಷ್ಟು ಸಣ್ಣಗೆ ನೀರು ಬಿಟ್ಟು, "ತಿರುಗಿಸು," ಎಂದಳು. ಇಲ್ಲ. ಇನ್ನೊಂದು ಕಡೆ. "ತಿರುಗಿಸು." ಊಹೂಂ. ಸಾರು ಕಹಿಯಾದರೆ ಪಾತ್ರೆಯನ್ನೇ ಚೆಲ್ಲುವ ಹೆಂಗಸಲ್ಲ ಅವಳು. ಹಾಕಿದ್ದನ್ನೆಲ್ಲ ಒಂದೊಂದಾಗಿ ನಾಲಿಗೆಗೆ ಹಚ್ಚಿ ನೋಡುವವಳು. ಮನೆಯಲ್ಲಿ ಯಾರ ಮಾತೂ ಕೇಳದ ಗ್ರೋಜ್ದಾನ್ ಸ್ಟೀರಿಂಗ್ ಹಿಂದೆ ಕೂತು ಹೇಳಿದಾಗೆಲ್ಲ ಕೀಲಿ ತಿರುಗಿಸಿದ. ಕೊನೆಗೆ ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಸೇರುವಲ್ಲಿ ಅಡಗಿದ್ದ ಹೆಬ್ಬೆರಳು ಗಾತ್ರದ ಕಪ್ಪು ವಸ್ತುವೊಂದರ ಮೇಲೆ ನೀರು ಬಿತ್ತು.

"ತಿರುಗಿಸು."

ಹತ್ತಿಕೊಂಡಿತು.

ಗ್ರೋಜ್ದಾನ್ ಹಾರಿ ಇಳಿದು ಬಂದ. "ಸೆನ್ಸರ್ ಕಣೇ! ಎಂಜಿನ್ ಸುತ್ತುತಾ ಇದೆ ಅಂತ ಸುದ್ದಿ ಕೊಡೋದು ಇದೇ. ಬಿಸಿ ಆದ ತಕ್ಷಣ ಬಾಯಿ ಮುಚ್ಕೊಳ್ತಿದೆ. ಸುದ್ದಿ ಇಲ್ದೆ ಕಿಡಿ ಎಲ್ಲಿಂದ ಬರ್ಬೇಕು?" ಅದರ ಹೆಸರು, ಕೆಲಸ ಎಲ್ಲ ಅವನಿಗೆ ಗೊತ್ತಿತ್ತು. ಅನುಮಾನ ಮಾತ್ರ ಅತ್ತ ಸುಳಿದಿರಲಿಲ್ಲ. ಮುಂಗೈವರೆಗೆ ಮಸಿ ಮೆತ್ತಿಕೊಂಡು ನಿಂತ ಹೆಂಡತಿಯನ್ನು ನೋಡಿದ. ಎಂಥ ತಾಳ್ಮೆ, ಎಂಥ ಬುದ್ಧಿ ಇವಳದು! ಇಷ್ಟು ವರ್ಷ ಇವಳ ಕೈರುಚಿಯನ್ನಷ್ಟೇ ಹೊಗಳಿದೆನಲ್ಲ ಎನಿಸಿ ಅವನ ಎದೆ ತುಂಬಿ ಬಂತು.

ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಗಂಡ ಹೆಂಡತಿ ಇಬ್ಬರ ಕಣ್ಣೂ ಬೇಲಿಯ ಕಡೆ ಹೊರಳಿತು.

"ಗೊತ್ತಾಯ್ತು, ಗೊತ್ತಾಯ್ತು," ಎಂದ ಮೆತೋದಿ. "ನನ್ ಕಾರಿಂದು ಬಿಚ್ಕೊಳ್ಳಿ. ಹಿಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂತಿದೆ, ಅದನ್ನ ಎಬ್ಬಿಸಿದ್ರೆ ಮಾತ್ರ ಸುಮ್ನಿರಲ್ಲ."

ಎರಡು ಕಾರುಗಳಲ್ಲೂ ಗ್ರೋಜ್ದಾನನ ದಪ್ಪ ಕೈ ಆ ಸಂದಿಯಲ್ಲಿ ಇಳಿಯಲಿಲ್ಲ. ಇಳಿದದ್ದು ನೆವೆನಾಳ ಕೈ. ಅವನು ದೀಪ ಹಿಡಿದು ದಾರಿ ಹೇಳಿದ. ಅವಳು ಕಣ್ಣಿಗೆ ಕಾಣದ ಬೋಲ್ಟನ್ನು ಬೆರಳಲ್ಲೇ ಹುಡುಕಿ ಸಡಿಲಿಸಿದಳು. ಕಚ್ಚಿಕೊಂಡಿದ್ದ ಸೆನ್ಸರುಗಳನ್ನು ಎಳೆಯದೆ, ಆಚೀಚೆ ತಿರುಚುತ್ತ ಹೊರತೆಗೆದಳು. ಮೆತೋದಿಯ ಕಾರಿನದು ಇವರ ಕಾರಿನಲ್ಲಿ ಟಕ್ಕೆಂದು ಕೂತಿತು. ಹೊತ್ತು ಮುಳುಗುವ ಮುನ್ನ ಇಬ್ಬರೂ ಘಟ್ಟದ ತುದಿಯವರೆಗೆ ಹೋಗಿ ಬಂದರು. ಕಾರು ಕೆಮ್ಮಲೂ ಇಲ್ಲ.

ಮರುದಿನ ಬೆಳಿಗ್ಗೆ ಮೆತೋದಿ ತನ್ನ ಮರ ಕೊಯ್ಯುವ ಯಂತ್ರ ಕೆಟ್ಟಿತೆಂದು ಅದನ್ನು ಹೊತ್ತು ತಂದ. ಗ್ರೋಜ್ದಾನ್ ಗೇಟಿನ ಬಳಿಯ ಬೆಂಚಿನ ಮೇಲೆ ಕೂತು, ಕಾಫಿ ಹೀರುತ್ತ ಘಟ್ಟದ ರಸ್ತೆಯನ್ನೇ ನೋಡುತ್ತಿದ್ದ.

"ಮೇಸ್ತ್ರಿ, ಇದನ್ನೊಂಚೂರು ನೋಡಪ್ಪ."

ಗ್ರೋಜ್ದಾನ್ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಮೇಸ್ತ್ರಿ ಮನೇಲಿಲ್ಲ," ಎಂದ. "ಕೆಲಸಕ್ಕೆ ಹೋಗಿದ್ದಾಳೆ."