ಬಂಗಾರೆವ್ವನ ಒಪ್ಪಿಗೆ

ವೈನ್ ದ್ರಾಕ್ಷಿಯ ತೋಟ ತೋರಿಸುವ ಗೈಡ್ ಆಗಲು ನನಗೆ ಒಂದೇ ಕಾಗದ ಬಾಕಿ ಇತ್ತು: ತೋಟದ ಹಿರಿಯ ಬಳ್ಳಿಯ ಒಪ್ಪಿಗೆ. ಅದಿಲ್ಲದಿದ್ದರೆ ಲೈಸೆನ್ಸ್ ಇಲ್ಲ, ನಾಳೆ ಬರುವ ಹನ್ನೆರಡು ಪ್ರವಾಸಿಗರೂ ಇಲ್ಲ.

ಅಬಕಾರಿ ಇಲಾಖೆಯ ಹಿಪ್ಪರಗಿ ಸಾಹೇಬರು ಫಾರ್ಮ್ ಹಿಡಿದು ಬಳ್ಳಿಯ ಮುಂದೆ ನಿಂತರು. "ಏನವಾ ಬಂಗಾರೆವ್ವ, ಈ ಹುಡುಗಿ ಮಂದೀನ ಕರಕೊಂಡು ಬಂದ್ರ ನಡೀತದೇನು?"

ಎಲೆಗಳು ಸರಸರ ಅಲುಗಿದವು. "ನಡೀತದ್ರೀ. ಆದ್ರ ಇಷ್ಟು ವರ್ಷ ಹಣ್ಣು ಕೊಟ್ಟೀನಿ, ವೈನ್ ರುಚಿ ಒಮ್ಮೀನೂ ನೋಡಿಲ್ಲ. ಬುಡಕ್ಕ ಒಂದು ಗ್ಲಾಸ್ ಹಾಕ್ರಿ, ಸಹಿ ಮಾಡ್ತೀನಿ."

ನಾನು ಕುಣಿಯುತ್ತಲೇ ಬಾಟಲಿ ತೆಗೆದೆ. ಸಾಹೇಬರು ತಡೆದರು.

"ತಡಿಯವಾ ತಂಗಿ! ಫಾರ್ಮಿನ್ಯಾಗ ಈಕೀನ ನೆಟ್ಟ ತಾರೀಖು ನೋಡು. ಸಹಿಗೆ ಹದಿನೆಂಟು ಸಾಕು, ಕುಡಿಯಾಕ ಇಪ್ಪತ್ತೊಂದು ತುಂಬಬೇಕು. ಈಕಿಗೆ ನಾಳೆ ತುಂಬ್ತದ. ಇವತ್ತ ಕುಡಿಸಿದ್ರ ನಿನ್ನ ಲೈಸೆನ್ಸ್ ಹುಟ್ಟೂ ಮೊದಲ ಸಾಯ್ತದ."

ನನ್ನ ಕಣ್ಣು ತುಂಬಿತು. ಬಂಗಾರೆವ್ವ ಎಳೆಯ ಕುಡಿಯನ್ನು ಶಾಯಿಯಲ್ಲಿ ಅದ್ದಿ ಸಹಿ ಹಾಕಿಯೇಬಿಟ್ಟಳು.

"ಅಳಬ್ಯಾಡ ಹುಚ್ಚಿ. ನಾಳೆ ಟೂರಿಗೆ ಹದಿಮೂರನೇ ಹೆಸರು ನಂದು ಬರಕೊ. ಮತ್ತ ಹುಟ್ಟುಹಬ್ಬಕ್ಕ ಕೇಕ್ ತರಬ್ಯಾಡ, ಬುಡಕ್ಕ ಹಾಕಾಕ ಬೇವಿನ ಹಿಂಡಿ ತಾ!"